ಹಾಸ್ಟೆಲ್‌ಗೆ ಹೊಸ ಕಟ್ಟಿಗೆ ಬಾಯ್ಲರ್ ಕೂರಿಸಿದ್ದೇವೆ. ಮೊದಲ ಬಾರಿ ಹೊತ್ತಿಸುವುದು ಹೇಗೆ, ಟ್ಯಾಂಕ್ ತುಕ್ಕು ಹಿಡಿಯದಿರಲು ಏನು ಮಾಡಬೇಕು?

ಸೇಡಂ ಕಡೆಯ ಹಾಸ್ಟೆಲ್, 60 ಮಕ್ಕಳು, ಬೋರ್‌ವೆಲ್ ನೀರು, 1000 ಲೀಟರಿನ ಕಬ್ಬಿಣದ ಟ್ಯಾಂಕ್. ಪರೀಕ್ಷೆಗೆಂದು ಒಮ್ಮೆ ಹೊತ್ತಿಸಿದ್ದಕ್ಕೇ ನಲ್ಲಿಯಲ್ಲಿ ಕೆಂಪು ನೀರು ಬಂತು ಎಂದು ಬರೆದಿದ್ದೀರಿ. ಟ್ಯಾಂಕ್ ಮಾಡಿಕೊಟ್ಟವರು ಒಳಗೆ ರೆಡ್ ಆಕ್ಸೈಡ್ ಬಳಿದರೆ ಸರಿಹೋಗುತ್ತದೆ ಎಂದಿದ್ದಾರಂತೆ. ದಯವಿಟ್ಟು ಬಳಿಸಬೇಡಿ. ಅದು ಗೇಟಿಗೆ, ಕಿಟಕಿಯ ಸರಳಿಗೆ ಹಚ್ಚುವ ಬಣ್ಣ. 80 ಡಿಗ್ರಿ ನೀರಿನಲ್ಲಿ ಹಪ್ಪಳದಂತೆ ಉಬ್ಬಿ ಏಳುತ್ತದೆ, ಅದರ ಚಕ್ಕೆಗಳೆಲ್ಲ ಮಕ್ಕಳ ಬಕೆಟ್ಟಿಗೆ ಬೀಳುತ್ತವೆ.

ನಾನು ಕಲಬುರಗಿಯಲ್ಲಿ ಹಾಸ್ಟೆಲ್, ಲಾಡ್ಜ್, ಕಲ್ಯಾಣ ಮಂಟಪಗಳಿಗೆ ಬಿಸಿನೀರಿನ ಕೆಲಸ ಮಾಡುವವನು. ನಿಮ್ಮ ಟ್ಯಾಂಕಿನಲ್ಲಿ ದೋಷವಿಲ್ಲ, ಜೋಡಣೆಯಲ್ಲಿದೆ. ಮಕ್ಕಳು ಸ್ನಾನ ಮಾಡುವ ನೀರೇ ಕಬ್ಬಿಣದ ಒಳಗಿಂದ ಹಾದುಬರುತ್ತಿದೆ, ಅಂದರೆ ದಿನವೂ ಟ್ಯಾಂಕಿಗೆ ಹೊಸ ನೀರು.

ಕಬ್ಬಿಣ ತುಕ್ಕು ಹಿಡಿಯುವುದು ನೀರಿನಲ್ಲಿ ಕರಗಿರುವ ಆಮ್ಲಜನಕದಿಂದ. 30 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಅದು ಸುಮಾರು 7.5 ಮಿಲಿಗ್ರಾಂ ಇರುತ್ತದೆ. 1000 ಲೀಟರಿಗೆ ಏಳೂವರೆ ಗ್ರಾಂ. ಅಷ್ಟೂ ಕಬ್ಬಿಣಕ್ಕೆ ಹತ್ತಿದರೆ ಸುಮಾರು 17 ಗ್ರಾಂ ಕಬ್ಬಿಣ ತುಕ್ಕಾಗುತ್ತದೆ. ಒಮ್ಮೆ ತುಂಬಿದ ನೀರು ಒಳಗೇ ಉಳಿದರೆ ಹಾನಿ ಅಲ್ಲಿಗೆ ನಿಲ್ಲುತ್ತದೆ. ದಿನಕ್ಕೊಂದು ಟ್ಯಾಂಕ್ ಹೊಸ ನೀರು ತುಂಬಿದರೆ ಲೆಕ್ಕ ವರ್ಷಕ್ಕೆ ಆರು ಕಿಲೋ ದಾಟುತ್ತದೆ. ಕಾಯುವಾಗ ಒಂದಿಷ್ಟು ಆಮ್ಲಜನಕ ಹೊರಹೋಗುವುದರಿಂದ ಅಷ್ಟೂ ಆಗುವುದಿಲ್ಲ, ನಿಜ. ಆದರೆ ತುಕ್ಕು ಎಲ್ಲ ಕಡೆ ಸಮನಾಗಿ ಸವೆಸುವುದೂ ಇಲ್ಲ. ಹಳೆಯ ಟ್ಯಾಂಕ್ ಕೊಯ್ದು ನೋಡಿದರೆ ಗೋಡೆಯ ತುಂಬ ಕೆಂಪು ಗುಳ್ಳೆಗಳಿರುತ್ತವೆ. ಒಂದನ್ನು ಸ್ಕ್ರೂಡ್ರೈವರ್‌ನಿಂದ ಕೆರೆದರೆ ಕೆಳಗೆ ಕಪ್ಪು ಕೆಸರು, ಅದನ್ನು ಒರೆಸಿದರೆ ತಗಡಿನಲ್ಲಿ ಕಡಲೆಕಾಳು ಕೂರುವಷ್ಟು ಗುಂಡಿ. ಟ್ಯಾಂಕ್ ತೂತಾಗುವುದು ಅಲ್ಲಿ. ಉಳಿದ ತಗಡು ಗಟ್ಟಿಯಾಗಿಯೇ ಇರುತ್ತದೆ.

ಹಾಗಾಗಿ ಎರಡು ನೀರನ್ನು ಬೇರೆ ಮಾಡಿ. ಬಾಯ್ಲರ್ ಮತ್ತು ಟ್ಯಾಂಕಿನ ನೀರು ಅವೆರಡರ ನಡುವೆ ಮಾತ್ರ ಸುತ್ತಲಿ, ಎಂದೂ ಬದಲಾಗದಿರಲಿ. ಸ್ನಾನದ ನೀರು ಟ್ಯಾಂಕಿನೊಳಗೆ ಇಳಿಬಿಟ್ಟ ತಾಮ್ರದ ಅಥವಾ ಸ್ಟೀಲಿನ ಸುರುಳಿ ಕೊಳವೆಯಲ್ಲಿ ಹಾದು ಬಿಸಿಯಾಗಿ ಬರಲಿ. ಸಾಲುತ್ತದೆಯೇ ಎಂದು ಕೇಳುತ್ತೀರಿ. ತಲೆಗೆ 15 ಲೀಟರಿನಂತೆ 900 ಲೀಟರ್ ನೀರನ್ನು 20 ಡಿಗ್ರಿಯಿಂದ 42ಕ್ಕೆ ಏರಿಸಲು ನಿಮ್ಮ ಟ್ಯಾಂಕ್ 85ರಿಂದ 65ಕ್ಕೆ ಇಳಿದರೆ ಸಾಕು. ಒಂದು ಗಂಟೆಯಲ್ಲಿ ಎಲ್ಲರ ಸ್ನಾನ ಮುಗಿಯಬೇಕಾದರೆ ಸುರುಳಿ ನಿಮಿಷಕ್ಕೆ 15 ಲೀಟರ್ ಕಾಯಿಸಬೇಕು. ಮಾಡಿಕೊಡುವವರಿಗೆ ಈ ಅಂಕಿಯನ್ನೇ ಹೇಳಿ. ಸುರುಳಿಯಿಂದ ಬರುವ ನೀರು ಕೆಲವೊಮ್ಮೆ ಮೈ ಸುಡುವಷ್ಟು ಬಿಸಿಯಿರುತ್ತದೆ, ತಣ್ಣೀರು ಬೆರೆಸುವ ವಾಲ್ವ್ ಕಡ್ಡಾಯ. ನಿಮ್ಮ ಭಾಗದ ನೆಲವೆಲ್ಲ ಸುಣ್ಣದ ಕಲ್ಲು. ಶಹಾಬಾದ್ ಹಾಸುಗಲ್ಲೂ ಅದೇ, ವಾಡಿಯ ಸಿಮೆಂಟೂ ಅದರಿಂದಲೇ. ಆ ಸುಣ್ಣ ಬೋರ್‌ವೆಲ್ ನೀರಿನಲ್ಲಿ ಬಂದು ಸುರುಳಿಯೊಳಗೆ ಕಟ್ಟಿಕೊಳ್ಳುತ್ತದೆ. ಬಿಚ್ಚಿ ತೊಳೆಯಲು ಬರುವಂತೆ ಎರಡೂ ತುದಿಗೆ ಯೂನಿಯನ್ ಜಾಯಿಂಟ್ ಹಾಕಿಸಿ.

ಬರಿ ಕಬ್ಬಿಣದ ಬದಲು ಸತು ಲೇಪಿಸಿದ ಜಿಐ ಟ್ಯಾಂಕ್ ಹಾಕಿ ಎನ್ನುವವರೂ ಸಿಗುತ್ತಾರೆ. ತಣ್ಣೀರಿಗೆ ಅದು ಸರಿ. ಸುಮಾರು 60 ಡಿಗ್ರಿ ದಾಟಿದ ಮೇಲೆ ಕೆಲವು ಬಗೆಯ ನೀರಿನಲ್ಲಿ ಸತು ಕಬ್ಬಿಣವನ್ನು ಕಾಯುವುದನ್ನು ಬಿಟ್ಟು ತಿರುಗಿಬೀಳುತ್ತದೆ, ಕಬ್ಬಿಣವೇ ಮೊದಲು ಸವೆಯತೊಡಗುತ್ತದೆ.

ಇನ್ನು ಹೊತ್ತಿಸುವ ಮಾತು. ತುಂಬುವ ಮೊದಲು ಒಳಗಿನ ವೆಲ್ಡಿಂಗ್ ಚೂರು, ಎಣ್ಣೆ, ಧೂಳು ತೆಗೆಸಿ. ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆದು, ಶುದ್ಧ ನೀರು ಹಾಯಿಸಿ. ಸೋರಿಕೆಯ ಪರೀಕ್ಷೆ ನೀರಿನ ಒತ್ತಡದಲ್ಲೇ ಆಗಲಿ, ಕೆಲಸದ ಒತ್ತಡದ ಒಂದೂವರೆ ಪಟ್ಟು. ಗಾಳಿ ತುಂಬಿ ಪರೀಕ್ಷಿಸಲು ಯಾರಿಗೂ ಬಿಡಬೇಡಿ, ಬೆಸುಗೆ ಬಿಟ್ಟರೆ ತಗಡು ಹಾರುತ್ತದೆ. ಪರೀಕ್ಷೆ ಮುಗಿಸಿ ನೀರು ಖಾಲಿ ಮಾಡಿ, ನೀರು ಸುತ್ತಿಸುವ ಪಂಪಿನ ವಿದ್ಯುತ್ ಸಂಪರ್ಕಕ್ಕೆ ಕಾಯುತ್ತ ಕೂರುವುದು ಇನ್ನೊಂದು ಕೆಟ್ಟ ರೂಢಿ. ಒದ್ದೆ ತಗಡಿಗೆ ಗಾಳಿ ತಗುಲಿದರೆ ತುಕ್ಕಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಒಮ್ಮೆ ಮಾತ್ರ ತುಂಬುವುದರಿಂದ ಆ ನೀರಿಗೆ ಸ್ವಲ್ಪ ಖರ್ಚು ಮಾಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರು ತರಿಸಬಹುದು. ಅದು ತುಸು ಆಮ್ಲದ ಕಡೆ ವಾಲಿರುತ್ತದೆ, ವಾಷಿಂಗ್ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಕರಗಿಸಿ ಪಿಎಚ್ ಕಾಗದದಲ್ಲಿ 9ರಿಂದ 10ರ ನಡುವೆ ತನ್ನಿ. ನೈಟ್ರೈಟ್‌ನಂಥ ತುಕ್ಕುನಿರೋಧಕ ಬೇಡ. ಸುರುಳಿ ಎಂದಾದರೂ ಸೋರಿದರೆ ಅದು ಮಕ್ಕಳ ನೀರಿಗೆ ಸೇರುತ್ತದೆ.

ಕೆಳಗಿನಿಂದ ನಿಧಾನವಾಗಿ ತುಂಬಿ, ಮೇಲಿನಿಂದ ಗಾಳಿ ಹೊರಬಿಡಿ. ಮೊದಲ ದಿನ ಸಣ್ಣ ಬೆಂಕಿ, ನೀರು 50–60 ಡಿಗ್ರಿಯಲ್ಲೇ ಕೆಲವು ಗಂಟೆ ಇರಲಿ. ಒಲೆಯ ಇಟ್ಟಿಗೆಯ ಪಸೆ ಆರಬೇಕು. ಈ ಹೊತ್ತಿಗೆ ಒಲೆಯ ಗೋಡೆ ಬೆವರಿ ನೀರು ತೊಟ್ಟಿಕ್ಕುತ್ತದೆ. ಬಾಯ್ಲರ್ ಸೋರುತ್ತಿದೆ ಎಂದು ಗಾಬರಿಯಿಂದ ಫೋನ್ ಮಾಡುವವರು ಬಹಳ. ಅದು ಕಟ್ಟಿಗೆಯ ಹೊಗೆಯಲ್ಲಿನ ತೇವ. ಕಾದ ಮೇಲೂ ನಿಲ್ಲದಿದ್ದರೆ ಮಾತ್ರ ಹುಡುಕಿ. ಮರುದಿನ 85ಕ್ಕೆ ಏರಿಸಿ, ಮತ್ತೆ ಗಾಳಿ ಬಿಡಿ, ಬೋಲ್ಟ್ ಬಿಗಿ ಮಾಡಿ. ಮುಂದೆ ದಿನವೂ ಬಾಯ್ಲರಿಗೆ ಮರಳುವ ನೀರು 55ಕ್ಕಿಂತ ಕೆಳಗಿರದಂತೆ ವಾಲ್ವ್ ಇರಲಿ. ಇಲ್ಲವಾದರೆ ಈ ಬೆವರೇ ಡಾಂಬರಿನಂತಹ ಜಿಗುಟಾಗಿ ಒಲೆಯ ಕಡೆಯಿಂದ ತಗಡನ್ನು ತಿನ್ನುತ್ತದೆ. ತೊಗರಿ ಕಟ್ಟಿಗೆ ಹೊತ್ತಿಸಲಿಕ್ಕೆ ಚೆನ್ನ, ಸರ್ರೆಂದು ಉರಿದು ಮುಗಿಯುತ್ತದೆ. ಹೊತ್ತು ಉರಿಯಲು ಒಂದು ಬೇಸಿಗೆ ಪೂರ್ತಿ ಒಣಗಿದ ಜಾಲಿ ಕೊರಡು ಬೇಕು.

ಎಲ್ಲಕ್ಕಿಂತ ಮುಖ್ಯ, ಮೇಲಕ್ಕೆ ಹೋಗಿ ಬಾಯಿ ತೆರೆದೇ ಇರುವ ಗಾಳಿ ಕೊಳವೆ. 30ರಿಂದ 85 ಡಿಗ್ರಿಗೆ ಏರುವಾಗ 1000 ಲೀಟರ್ ನೀರು ಸುಮಾರು 28 ಲೀಟರ್ ಹಿಗ್ಗುತ್ತದೆ. ಅದಕ್ಕೆ ಮೇಲೆ 50 ಲೀಟರಿನ ಸಣ್ಣ ತೊಟ್ಟಿ ಬೇಕು. ಕಟ್ಟಿಗೆಯ ಬೆಂಕಿಯನ್ನು ಸ್ವಿಚ್ ಒತ್ತಿ ಆರಿಸಲಾಗುವುದಿಲ್ಲ. ಕರೆಂಟ್ ಹೋಗಿ ಪಂಪ್ ನಿಂತರೂ ಶಾಖ ಹೊರಹೋಗಲು ದಾರಿ ಇರಬೇಕು, ಆ ಕೊಳವೆಗೆ ಯಾವ ಕಾರಣಕ್ಕೂ ವಾಲ್ವ್ ಹಾಕಬೇಡಿ. ಆದರೆ ಪಂಪ್ ಓಡುವಾಗ ಅದರಿಂದ ತೊಟ್ಟಿಗೆ ಬಿಸಿನೀರು ಸುರಿಯುತ್ತಿದ್ದರೆ ಪಂಪಿನ ಜಾಗ ತಪ್ಪಾಗಿದೆ ಎಂದರ್ಥ. ಸುರಿದ ನೀರು ಪ್ರತಿ ಸುತ್ತಿಗೂ ಹೊಸ ಆಮ್ಲಜನಕ ಹೊತ್ತು ಮರಳುತ್ತದೆ, ನಾವು ಮಾಡಿದ್ದೆಲ್ಲ ವ್ಯರ್ಥ.

ಕೆಲವು ವಾರಗಳ ನಂತರ ಡ್ರೈನ್ ವಾಲ್ವಿನಿಂದ ಒಂದು ಬಾಟಲಿ ನೀರು ಹಿಡಿದು ನೋಡಿ. ಕಪ್ಪಗಿದ್ದರೆ, ತಳದ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ನೆಮ್ಮದಿಯಿಂದಿರಿ, ಒಳಗಿನ ಆಮ್ಲಜನಕ ತೀರಿದೆ ಎಂದರ್ಥ. ಕೆಂಪಗಿದ್ದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ. ಕಪ್ಪು ನೀರು ಕಂಡು ಕೊಳಕೆಂದು ಪ್ರತಿ ವಾರ ಖಾಲಿ ಮಾಡಿ ಹೊಸದು ತುಂಬುತ್ತಿದ್ದ ಯಾದಗಿರಿಯ ಒಂದು ಲಾಡ್ಜಿನ ಟ್ಯಾಂಕನ್ನು ನಾನೇ ಕೊಯ್ದು ಗುಜರಿಗೆ ಹಾಕಿದ್ದೇನೆ.

ಕಾನೂನಿನ ಕಡೆ: ನೀರು 100 ಡಿಗ್ರಿಗಿಂತ ಕೆಳಗೇ ಕಾಯುವ ಇಂಥ ವ್ಯವಸ್ಥೆ ಬಾಯ್ಲರ್ ಕಾಯ್ದೆಗೆ ಒಳಪಡುವುದಿಲ್ಲ. ಅಡುಗೆಗೆ ಹಬೆಯೂ ಬೇಕೆಂದರೆ ಮಾತು ಬೇರೆ. ಆಗ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯಲ್ಲಿ ವಿಚಾರಿಸದೆ ಮುಂದುವರಿಯಬೇಡಿ.

ಬೇಸಿಗೆ ರಜೆಗೆ ಹಾಸ್ಟೆಲ್ ಮುಚ್ಚುವಾಗ ಟ್ಯಾಂಕ್ ತುಂಬಿಯೇ ಇರಲಿ. ಖಾಲಿ ಮಾಡಬೇಕಾದದ್ದು ಒಲೆಯನ್ನು. ಬೂದಿ ಗಾಳಿಯ ತೇವ ಹೀರುವ ಗುಣದ್ದು, ಮುಂಗಾರು ಬಂದ ಮೇಲೆ ಒಳಗೇ ಒದ್ದೆಯಾಗಿ ತಗಡು ತಿನ್ನುತ್ತದೆ. ಪೂರ್ತಿ ಗೋರಿ, ಬ್ರಷ್‌ನಿಂದ ಉಜ್ಜಿ, ಒಂದು ತಟ್ಟೆಯಲ್ಲಿ ನೀರು ಹಾಕದ ಸುಟ್ಟ ಸುಣ್ಣದ ಹರಳು ಇಟ್ಟು ಬಾಗಿಲು ಹಾಕಿ, ಚಿಮಣಿಯ ಬಾಯಿಗೆ ತಗಡು ಮುಚ್ಚಿಸಿ. ಮತ್ತೆ ಹೊತ್ತಿಸುವ ದಿನ ಸುಣ್ಣದ ತಟ್ಟೆ, ಚಿಮಣಿಯ ತಗಡು ಎರಡನ್ನೂ ತೆಗೆಯಬೇಕೆಂದು ಬಾಗಿಲ ಮೇಲೆಯೇ ಬರೆದಿಡಿ.