ಅಂಕಿ ನೋಡಿ ಮಣೆ

ಪತ್ರ: ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವುದನ್ನು ಕಳೆದ ಸಂಚಿಕೆಯಲ್ಲಿ ಹೀಗಳೆದಿದ್ದೀರಿ. ನಾನು ರಸಾಯನಶಾಸ್ತ್ರದ ಅಧ್ಯಾಪಕ. ಮುಖ ನೋಡಿ ಮಣೆ ಹಾಕುವ ಆಯ್ಕೆ ಸಮಿತಿಗಳನ್ನು ಎರಡು ಸಲ ಕಂಡವನು. ಅವುಗಳಿಗಿಂತ ಇಂಪ್ಯಾಕ್ಟ್ ಫ್ಯಾಕ್ಟರ್, ಎಚ್-ಇಂಡೆಕ್ಸ್‌ಗಳೇ ವಾಸಿಯಲ್ಲವೇ? ಅಂಕಿಗೆ ಜಾತಿಯಿಲ್ಲ, ವಶೀಲಿಯಿಲ್ಲ.

ಉತ್ತರ: ಮಾನ್ಯರೇ, ನಿಮ್ಮ ಕೊನೆಯ ಮಾತು ಎರಡು ದಿನ ಕಾಡಿತು. ಅಂಕಿಗೆ ಜಾತಿಯಿಲ್ಲ, ಒಪ್ಪಿದೆ. ಆದರೆ ಅದು ಯಾರ ಅಂಕಿ?

ಇಂಪ್ಯಾಕ್ಟ್ ಫ್ಯಾಕ್ಟರ್ ಒಂದು ಸಂಶೋಧನಾ ಪತ್ರಿಕೆಯ ಸರಾಸರಿ. ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬೇರೆ ಲೇಖನಗಳಲ್ಲಿ ಸಿಕ್ಕ ಉಲ್ಲೇಖಗಳನ್ನು ಆ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅದು. ಅಮೆರಿಕದ ಮಾಹಿತಿತಜ್ಞ ಯೂಜೀನ್ ಗಾರ್ಫೀಲ್ಡ್, ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ತಮ್ಮ ಉಲ್ಲೇಖ ಸೂಚಿಗೆ ಪತ್ರಿಕೆಗಳನ್ನು ಆರಿಸಲು ಈ ಲೆಕ್ಕ ಹಾಕಿಕೊಂಡಿದ್ದರು. ಮೇಷ್ಟರನ್ನು ಆರಿಸಲು ಅಲ್ಲ.

ನಿಮ್ಮ ಶಾಸ್ತ್ರದ್ದೇ ಒಂದು ಪ್ರಸಂಗ ನೋಡಿ. ಹರಳುಗಳ ಅಣುರಚನೆ ಬಿಡಿಸುವ ಶೆಲ್‌ಎಕ್ಸ್ ತಂತ್ರಾಂಶ ನೀವೂ ಬಳಸಿರಬಹುದು. ಅದನ್ನು ರಚಿಸಿದ ಜಾರ್ಜ್ ಶೆಲ್ಡ್ರಿಕ್ 2008ರ ಜನವರಿಯಲ್ಲಿ ಅದರ ಚರಿತ್ರೆಯನ್ನು 'ಆಕ್ಟಾ ಕ್ರಿಸ್ಟಲೊಗ್ರಾಫಿಕಾ ಎ' ಪತ್ರಿಕೆಯಲ್ಲಿ ಬರೆದರು. ತಂತ್ರಾಂಶ ಬಳಸಿದವರೆಲ್ಲ ಆ ಲೇಖನವನ್ನು ಉಲ್ಲೇಖಿಸತೊಡಗಿದರು. 2008ರಲ್ಲಿ 2.051 ಇದ್ದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2009ರಲ್ಲಿ 49.926ಕ್ಕೆ ಹಾರಿತು! ಅದೇ ಪತ್ರಿಕೆಯಲ್ಲಿ ಬರೆದಿದ್ದ ಉಳಿದವರ ಸಂಶೋಧನೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅವರ ಅರ್ಜಿಯಲ್ಲಿ ತೋರಿಸಬಹುದಾದ ಅಂಕಿ ಮಾತ್ರ ಇಪ್ಪತ್ತನಾಲ್ಕು ಪಟ್ಟಾಗಿತ್ತು. ಬೀದಿಯಲ್ಲಿ ಒಬ್ಬನಿಗೆ ಲಾಟರಿ ಹೊಡೆದರೆ ಇಡೀ ಬೀದಿ ಸಾಹುಕಾರರದ್ದು ಎಂದಂತೆ. ಎರಡು ವರ್ಷದ ಗಡುವು ಮುಗಿದದ್ದೇ ತಡ, ಅಂಕಿ ಮತ್ತೆ ಹಳೆಯ ಜಾಗಕ್ಕೆ ಇಳಿಯಿತು.

ಎಚ್-ಇಂಡೆಕ್ಸ್ ಇಷ್ಟು ಪೆದ್ದಲ್ಲ. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಸೂಚಿಸಿದ ಇದು ಕನಿಷ್ಠ ವ್ಯಕ್ತಿಯದೇ ಅಂಕಿ: ಒಬ್ಬರ ಎಷ್ಟು ಲೇಖನಗಳಿಗೆ ತಲಾ ಕನಿಷ್ಠ ಅಷ್ಟೇ ಉಲ್ಲೇಖಗಳು ಸಿಕ್ಕಿವೆಯೋ, ಅಂಥ ಅತಿ ದೊಡ್ಡ ಸಂಖ್ಯೆ. ಆದರೂ ಹತ್ತು ಲೇಖನ ಬರೆದು, ಪ್ರತಿಯೊಂದಕ್ಕೂ ಹತ್ತು ಉಲ್ಲೇಖ ಪಡೆದವರಿಗೆ 10. ಮೂರೇ ಲೇಖನ ಬರೆದು, ಒಂದೊಂದಕ್ಕೂ ಸಾವಿರ ಉಲ್ಲೇಖ ಪಡೆದವರಿಗೆ 3. ಇನ್ನು ಗೆಳೆಯರೆಲ್ಲ ಸೇರಿ ಪರಸ್ಪರ ಉಲ್ಲೇಖಿಸಿಕೊಳ್ಳುವುದಿದೆಯಲ್ಲ, ಅದನ್ನು ವಶೀಲಿ ಎನ್ನದೆ ಏನೆನ್ನೋಣ?

ನಿಮ್ಮ ಸಮಿತಿಗಳನ್ನು ಸಮರ್ಥಿಸಲು ನನ್ನಿಂದಾಗದು. ಅಭ್ಯರ್ಥಿಯ ಮೂರು ಲೇಖನಗಳನ್ನು ಮೊದಲೇ ತರಿಸಿ ಓದಲಿ, ಅಭಿಪ್ರಾಯವನ್ನು ಬರೆದು ಸಹಿ ಹಾಕಲಿ ಎನ್ನುತ್ತೇನೆ. ಆಗಲೂ ಮಣೆ ಮುಖ ನೋಡಿಯೇ ಬೀಳಬಹುದು. ಆದರೆ ಬರೆದದ್ದನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ಪಡೆದು ಜಗಳವಾಡಲು ದಾರಿಯಿರುತ್ತದೆ. 49.926ರ ಜೊತೆ ಜಗಳವಾಡುವುದು ಹೇಗೆ?

ಒಂದು ಕುತೂಹಲ. ಆ ಎರಡು ಸಂದರ್ಶನಗಳಲ್ಲಿ ನಿಮ್ಮ ಲೇಖನದ ಒಂದು ಪುಟವನ್ನಾದರೂ ಯಾರಾದರೂ ತೆರೆದಿದ್ದರೇ? ದಯವಿಟ್ಟು ಬರೆದು ತಿಳಿಸಿ.

— ಸಂ.