ಬಾಡಿಗೆಗೆ ಕೊಟ್ಟ ಮನೆಗೆ ತೆರಿಗೆ ಯಾಕೆ ಜಾಸ್ತಿ?

ಬೆಂಗಳೂರಲ್ಲಿ ಫ್ಲಾಟ್ ಬಾಡಿಗೆಗೆ ಕೊಟ್ಟ ಮೇಲೆ ಆಸ್ತಿ ತೆರಿಗೆ ಎರಡರಷ್ಟಾಯಿತು, ಮುಂದೆ ಇನ್ನೂ ಏರುತ್ತಾ ಅಂತ ಕೇಳಿದ್ದೀರಿ.

ಲೆಕ್ಕದಲ್ಲಿ ತಪ್ಪೇನಿಲ್ಲ ಸರ್. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯೇ (ಪ್ರದೇಶ ನೋಡಿ ಚದರಡಿಗೆ ಇಷ್ಟು ಅಂತ ದರ ಕಟ್ಟುವುದು) ಹಾಗಿದೆ. ಆಗ ಅತಿ ದುಬಾರಿ ಪ್ರದೇಶವಾದ ಎ ವಲಯದ ಆರ್‌ಸಿಸಿ (ಕಾಂಕ್ರೀಟ್) ಮನೆಗೆ ಮಾಲೀಕರೇ ಇದ್ದರೆ ತಿಂಗಳಿಗೆ ಚದರಡಿಗೆ 2.50 ರೂಪಾಯಿ, ಬಾಡಿಗೆದಾರರಿದ್ದರೆ 5 ರೂಪಾಯಿ. ಇದನ್ನು 10 ತಿಂಗಳಿಗೆ ಗುಣಿಸಿ, ಕಟ್ಟಡದ ಸವಕಳಿ ಕಳೆದು, ಉಳಿದದ್ದರ ಶೇ 20 ತೆರಿಗೆ. ಅದರ ಮೇಲೆ ಸೆಸ್. ನಿಮ್ಮ ಕೈಗೆ ನಿಜವಾಗಿ ಬರುವ ಬಾಡಿಗೆ ಎಷ್ಟು ಅಂತ ಯಾರೂ ನೋಡುವುದಿಲ್ಲ. ದರ 2016ರಲ್ಲಿ ಏರಿದೆ, ಆದರೂ ಇವತ್ತಿನ ಬಾಡಿಗೆಗೆ ಹೋಲಿಸಿದರೆ ಏನೂ ಅಲ್ಲ.

ಮುಂದಿನದ್ದು ಹೇಳಬೇಕೆಂದರೆ, 2024ರ ಫೆಬ್ರುವರಿಯಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ, ಮಾರ್ಗಸೂಚಿ ದರಕ್ಕೆ (ನೋಂದಣಿಗೆ ಸರ್ಕಾರ ನಿಗದಿ ಮಾಡುವ ಆಸ್ತಿ ಬೆಲೆ) ತೆರಿಗೆ ಜೋಡಿಸುವ ಕರಡು ತಂದಿತ್ತು. ಅದರಲ್ಲೂ ಬಾಡಿಗೆ ಮನೆಗೆ ಎರಡರಷ್ಟು ದರವೇ ಇತ್ತು. ವಿರೋಧ ಬಂತು, ಆಗ ಕೈಬಿಟ್ಟರು. ಆದರೆ ಈ ಆಲೋಚನೆ ಸತ್ತಿದೆ ಅಂತ ನನಗೆ ಅನ್ನಿಸುವುದಿಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಒಳ್ಳೆಯ ತೆರಿಗೆ ತರುವ ಐಟಿ ಕಚೇರಿಗಳಿರುವ ಮಹದೇವಪುರ ಪೂರ್ವ ಪಾಲಿಕೆಗೆ ಹೋಯಿತು. ಹಳೆಯ ಬಡಾವಣೆಗಳೇ ತುಂಬಿರುವ ಬೇರೆ ಪಾಲಿಕೆಗಳು ದುಡ್ಡು ಎಲ್ಲಿಂದ ತರಬೇಕು? ಮನೆ ತೆರಿಗೆಯ ಮೇಲೆಯೇ ಕಣ್ಣು ಬೀಳೋದು, ಅಲ್ವಾ?

ಸದ್ಯಕ್ಕೆ ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿ, ಶೇ 5 ರಿಯಾಯಿತಿ ಸಿಗುತ್ತದೆ. ಬಾಡಿಗೆದಾರರು ಖಾಲಿ ಮಾಡಿ ನೀವೇ ಬಂದಿದ್ದರೆ, ಮನೆಯಲ್ಲಿ ಯಾರಿದ್ದಾರೆ ಅಂತ ತೆರಿಗೆ ಅರ್ಜಿಯಲ್ಲಿ ಕೊಡುವ ಘೋಷಣೆಯನ್ನೂ ಬದಲಿಸಿ. ಸುಮ್ನೆ ಹಳೆಯದನ್ನೇ ಮುಂದುವರಿಸಬೇಡಿ.