ರೋಗಿಯ ಮನೆಯವರು ಕ್ಷಮಿಸಿದ್ದಾರೆ, ನನ್ನನ್ನು ನಾನು ಕ್ಷಮಿಸಿಕೊಳ್ಳುವುದು ಹೇಗೆ?

ಬಡ ದೇಶದಲ್ಲಿ ಡಾಕ್ಟರಾಗಿದ್ದಾಗ ನಿಮ್ಮ ಕೈಯಲ್ಲಿ ಮಗು ಹೋಯಿತು, ಮನೆಯವರು ಒಂದು ಮಾತೂ ಬೈಯಲಿಲ್ಲ ಅಂತ ಬರೆದಿದ್ದೀರಿ. ನನಗೂ ಹಾಗೇ ಆಗಿತ್ತು.

2012ರ ಫೆಬ್ರವರಿ, ಆಫ್ರಿಕಾದ ಮಲಾವಿ ದೇಶದ ಒಂದು ಜಿಲ್ಲಾ ಆಸ್ಪತ್ರೆಯ ಮಕ್ಕಳ ವಾರ್ಡು. ಅಲ್ಲಿ ಮಳೆಗಾಲ ಅಂದರೆ ಮಲೇರಿಯಾ ಕಾಲ. ಒಂದು ಮಂಚಕ್ಕೆ ಇಬ್ಬರು ಮೂವರು ಮಕ್ಕಳು. ಪ್ರತಿ ಮಗುವಿನ ಜೊತೆ ಮನೆಯವರೊಬ್ಬರು ಉಳಿಯುತ್ತಾರೆ, ಅವರನ್ನು ಗಾರ್ಡಿಯನ್ ಅಂತಾರೆ. ಅಡುಗೆ, ಬಟ್ಟೆ ಒಗೆಯುವುದು, ರಾತ್ರಿ ಕಾಯುವುದು ಎಲ್ಲಾ ಅವರದೇ. ಮೂರು ವರ್ಷದ ಒಬ್ಬ ಹುಡುಗ ಪ್ರಜ್ಞೆ ಇಲ್ಲದೆ ಬಂದ. ಜೊತೆಗೆ ಅವನ ಅಜ್ಜಿ. ಅಲ್ಲಿನ ಚಿಚೇವಾ ಭಾಷೆಯಲ್ಲಿ ಅಜ್ಜಿಗೆ ಅಗೋಗೋ ಅಂತಾರೆ.

ಮಲೇರಿಯಾದ ಔಷಧಿ ಕ್ವಿನೈನ್ ಡ್ರಿಪ್ ಹಾಕಿದೆವು. ನಡುರಾತ್ರಿ ಸಕ್ಕರೆ ನೋಡಿದಾಗ ಸರಿಯಾಗಿಯೇ ಇತ್ತು. ನಾಲ್ಕು ಗಂಟೆಗೆ ಮತ್ತೆ ನೋಡಬೇಕಿತ್ತು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಜೋರು ಮಲೇರಿಯಾದಲ್ಲಿ ಮಗುವಿನ ರಕ್ತದ ಸಕ್ಕರೆ ತಾನಾಗಿಯೇ ಕುಸಿಯುತ್ತದೆ. ಕ್ವಿನೈನ್ ಇನ್ಸುಲಿನ್ ಹೆಚ್ಚಿಸಿ ಅದನ್ನು ಇನ್ನೂ ಕೆಳಗೆ ಎಳೆಯಬಹುದು. ಪ್ರಜ್ಞೆ ಇಲ್ಲದ ಮಗು ಹಸಿವು ಅಂತ ಅಳುವುದಿಲ್ಲ. ನಿದ್ದೆಯಲ್ಲಿರುವ ಹಾಗೆ ಕಾಣುತ್ತದೆ, ಅಷ್ಟೇ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಡಬ್ಬಿಯಲ್ಲಿ ಸಕ್ಕರೆ ನೋಡುವ ಸ್ಟ್ರಿಪ್ ಆರೇ ಉಳಿದಿದ್ದವು. ಬೆಳಗ್ಗೆ ಬರುವ ಮಕ್ಕಳಿಗೆ ಇರಲಿ ಅಂದುಕೊಂಡೆ. ಹುಡುಗ ಶಾಂತವಾಗಿ ಉಸಿರಾಡುತ್ತಿದ್ದ. ಮುಂದಿನ ಮಂಚಕ್ಕೆ ಹೋದೆ. ಆರು ಗಂಟೆಗೆ ಫಿಟ್ಸ್ ಬಂತು. ಆಗ ನೋಡಿದರೆ ಸಕ್ಕರೆ ಲೀಟರಿಗೆ 1.1 ಮಿಲಿಮೋಲ್, ನಮ್ಮ ಕಡೆಯ ಲೆಕ್ಕದಲ್ಲಿ ಸುಮಾರು 20. 2.2ಕ್ಕಿಂತ (ನಮ್ಮ ಲೆಕ್ಕದಲ್ಲಿ 40ಕ್ಕಿಂತ) ಕೆಳಗಿಳಿದರೇ ಅಪಾಯ. ಗ್ಲೂಕೋಸ್ ಕೊಟ್ಟೆವು. ಹತ್ತು ಗಂಟೆಗೆ ಹೋದ.

ನನ್ನ ಜೊತೆ ಕೆಲಸ ಮಾಡುವವರು, ಹುಡುಗ ಹೇಗೂ ಉಳಿಯುತ್ತಿರಲಿಲ್ಲ ಅಂದರು. ಇರಬಹುದು. ಸ್ಟ್ರಿಪ್ ಇಲ್ಲದ್ದಕ್ಕೆ ಹಾಗಾಯ್ತು, ಏನು ಮಾಡೋಕಾಗುತ್ತೆ ಅಂತಲೂ ಅಂದರು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ಪರೀಕ್ಷೆ ಮಾಡೋಕಾಗದಿದ್ದರೆ, ಪ್ರಜ್ಞೆ ಇಲ್ಲದ ಮಗುವಿಗೆ ಸಕ್ಕರೆ ಇಳಿದಿದೆ ಅಂತಲೇ ತಿಳಿದು ಗ್ಲೂಕೋಸ್ ಕೊಡಬೇಕು. ಡ್ರಿಪ್ ಸಿಗದ ಕಡೆ ಒಂದು ಚಮಚ ಸಕ್ಕರೆಯನ್ನು ಒದ್ದೆ ಮಾಡಿ ನಾಲಿಗೆ ಕೆಳಗೆ ಇಟ್ಟರೂ ಆಗುತ್ತದೆ. ಬಡತನ ನನ್ನ ಕೈ ಕಟ್ಟಿರಲಿಲ್ಲ.

ನಾನು ಅಗೋಗೋ ಹತ್ತಿರ ಹೋಗಿ 'ಪೆಪಾನಿ', ಅಂದರೆ ಕ್ಷಮಿಸಿ, ಅಂದೆ. ಆಕೆಯೂ ನನ್ನ ಕೈ ಹಿಡಿದು 'ಪೆಪಾನಿ' ಅಂದರು. ಕ್ಷಮಿಸಿಬಿಟ್ಟರು ಅಂತ ಹಗುರವಾದೆ. ಮಧ್ಯಾಹ್ನ ನರ್ಸ್ ಹೇಳಿದರು: ಯಾರಿಗಾದರೂ ನೋವಾದಾಗಲೂ ಇಲ್ಲಿ ಪೆಪಾನಿ ಅಂತೀವಿ. ಆಕೆ ನಿಮ್ಮನ್ನು ಸಮಾಧಾನ ಮಾಡಿದ್ದು. ಕ್ಷಮಿಸೋಕೆ ಆಕೆಗೆ ನೀವು ಏನೂ ಹೇಳೇ ಇಲ್ಲವಲ್ಲ?

ಅದಕ್ಕೇ ನಿಮ್ಮ ಪ್ರಶ್ನೆಯೇ ತಪ್ಪು ಅನಿಸುತ್ತದೆ. ನಿಮ್ಮ ರೋಗಿಯ ಮನೆಯವರಿಗೆ ನಡೆದದ್ದು ಗೊತ್ತಾ? ಗೊತ್ತಿಲ್ಲದಿದ್ದರೆ ಅವರು ಏನನ್ನು ಕ್ಷಮಿಸಿದರು? ಡಾಕ್ಟರನ್ನು ಪ್ರಶ್ನೆ ಕೇಳಿ ಅಭ್ಯಾಸವಿಲ್ಲದ ಜನರ ಮೌನವನ್ನು ಕ್ಷಮೆ ಅಂತ ಎಣಿಸಬೇಡಿ. ಮೊದಲು ಹೋಗಿ ಹೇಳಿ. ಆಡಳಿತದವರು ಬೇಡ ಅನ್ನಬಹುದು. ಆದರೂ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ನಿಮ್ಮನ್ನು ನೀವು ಕ್ಷಮಿಸಿಕೊಳ್ಳುವ ಮಾತು ಆಮೇಲೆ.

ಅವತ್ತೇ ಸಂಜೆ ನರ್ಸನ್ನು ಕರೆದುಕೊಂಡು ಹೋದೆ. ಅಗೋಗೋ ಗಂಟುಮೂಟೆ ಕಟ್ಟಿ ಗಾಡಿಗೆ ಕಾಯುತ್ತಿದ್ದರು. ನಾಲ್ಕಕ್ಕೆ ನೋಡಬೇಕಿತ್ತು, ನೋಡಲಿಲ್ಲ ಅಂದೆ. ಆಕೆ ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆಗ ನಾನು ಎಚ್ಚರವಾಗಿದ್ದೆ. ಅವನ ಮೈ ಬೆವರಿತ್ತು, ಒರೆಸುತ್ತಾ ಕೂತಿದ್ದೆ. ನನ್ನನ್ನು ಯಾಕೆ ಕೇಳಲಿಲ್ಲ?"

ಸಕ್ಕರೆ ಇಳಿದಾಗ ಬೆವರು ಬರುತ್ತದೆ. ಆ ರಾತ್ರಿ ಅದನ್ನು ಕಂಡದ್ದು ಆಕೆ ಒಬ್ಬರೇ. ಕ್ಷಮಿಸಿದೆ ಅಂತ ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇನ್ನೂ ಹದಿನಾಲ್ಕು ತಿಂಗಳು ಅಲ್ಲೇ ಇದ್ದೆ. ರಾತ್ರಿ ರೌಂಡ್ಸಿನಲ್ಲಿ ಮೊದಲು ಗಾರ್ಡಿಯನ್‌ಗಳನ್ನು ಎಬ್ಬಿಸಿ ಕೇಳುತ್ತಿದ್ದೆ: ಮಗು ಬೆವರಿತಾ, ಮೈ ತಣ್ಣಗಿದೆಯಾ, ಕರೆದರೆ ಕಣ್ಣು ಬಿಡುತ್ತಾ? ವಾರ್ಡಿನ ಮೇಜಿನ ಮೇಲೆ ಸಕ್ಕರೆ ಡಬ್ಬಿ, ಒಂದು ಚಮಚ ಯಾವಾಗಲೂ ಇರುತ್ತಿತ್ತು.